ಕಸ್ತೂರಿಯ ಜೊಲ್ಲು, ನನ್ನ ಹೆಗಲು

ನಲವತ್ತೇಳು ವರ್ಷ ನಾನು ಯಾವ ಕೂಸಿನ ಜೊಲ್ಲೂ ಮೈಮೇಲೆ ಬೀಳದಂತೆ ನೋಡಿಕೊಂಡಿದ್ದೆ. ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ. ನಾಲ್ಕೈದು ತಿಂಗಳ ಕೂಸನ್ನು ಎತ್ತಿಕೊಂಡವರು ಬಸ್ಸು ಹತ್ತಿದರೆ ನಾನು ಇಳಿದು ನಡೆದುಬಿಡುತ್ತಿದ್ದೆ. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆದರೆ ಹೊಸಿಲ ಹೊರಗೇ ನಿಂತು ಗುಗ್ಗರಿ ತಿಂದು ವಾಪಸು. ಜನ ನನ್ನನ್ನು ಕಲ್ಲು ಮನಸ್ಸಿನವಳು ಅಂದರು. ಅನ್ನಲಿ. ನಾನು ಪೇಟಿ ರಿಪೇರಿ ಮಾಡುವವಳು. ಹಾರ್ಮೋನಿಯಂ ಪೇಟಿಯ ಹೊಟ್ಟೆ ಬಿಚ್ಚಿದರೆ ಒಳಗೆ ಸಾಲಾಗಿ ಹಿತ್ತಾಳೆ ರೀಡುಗಳಿರುತ್ತವೆ. ಒಂದು ಹನಿ ನೀರು ಬಿದ್ದರೆ ಕಿಲುಬು, ಕಿಲುಬು ಹಿಡಿದರೆ ಅಪಸ್ವರ. ನಮ್ಮಪ್ಪ ಕಲಿಸಿದ ಮೊದಲ ಪಾಠವೇ ಪೇಟಿಯ ಹತ್ತಿರ ನೀರು ತರಬೇಡ ಎನ್ನುವುದು.

ಅಂಥ ನಾನು ಸಿಕ್ಕಿಬಿದ್ದದ್ದು ಹಿಟ್ಟಿನ ಗಿರಣಿಯಲ್ಲಿ. ನನ್ನ ಮುಂದೆ ಇಸ್ತ್ರಿ ಅಂಗಡಿಯ ಮಾಚಪ್ಪನ ಹೆಂಡತಿ ನಿಂಗವ್ವ ನಿಂತಿದ್ದಳು. ಅವಳ ಹೆಗಲ ಮೇಲೆ ಐದು ತಿಂಗಳ ಹೆಣ್ಣುಕೂಸು, ಗಲ್ಲ ಇನ್ನೂ ಒಣ ಒಣ. ನಾನು ಎರಡು ಮಾರು ಹಿಂದೆಯೇ ಇದ್ದೆ. ಸರದಿ ಮುಂದೆ ಸರಿದಾಗ ಕಡಲೆಬೇಳೆಯ ಡಬ್ಬಿ ಎತ್ತಿಕೊಳ್ಳಲು ಬಗ್ಗಿದೆ. ಅದೇ ಹೊತ್ತಿಗೆ ನಿಂಗವ್ವ ಗಿರಣಿಯವನಿಗೆ ದಾರಿ ಬಿಡಲು ಹಿಂದಕ್ಕೆ ಸರಿದಳು. ಎಡ ಹೆಗಲ ಮೇಲೆ ಬೆಚ್ಚಗೆ ಏನೋ ಬಿತ್ತು. ಸೀರೆಯ ಸೆರಗು ದಾಟಿ ರವಿಕೆಗೆ ಇಳಿಯಿತು.

"ಬಿತ್ತು! ಪೇಟಿ ಚಂಪಕ್ಕನ ಮ್ಯಾಲೆ ಬಿತ್ತು!" ಎಂದು ಯಾರೋ ಕೂಗಿದರು. ಗಿರಣಿಯವನು ಬೆಲ್ಟು ನಿಲ್ಲಿಸಿಬಿಟ್ಟ. ಇಪ್ಪತ್ತು ಹೆಂಗಸರು ಸಾಕ್ಷಿ. ನಾನು ಅದು ಬೆವರು ಎಂದೆ. ಯಾರೂ ಒಪ್ಪಲಿಲ್ಲ.

ನಮ್ಮೂರಿನ ಪದ್ಧತಿ ಹೀಗೆ. ಕೂಸಿನ ಜೊಲ್ಲು ಹೆತ್ತವರನ್ನು ಬಿಟ್ಟು ಮೊದಲು ಯಾರ ಮೈಮೇಲೆ ಬೀಳುತ್ತದೋ ಅವರು ಆ ಕೂಸಿನ ಹೆಗಲು. ದಿನಾ ಸಂಜೆ ಐದರಿಂದ ಆರರವರೆಗೆ ಕೂಸು ಹೆಗಲಿನವರ ಹತ್ತಿರ ಇರಬೇಕು. ಭುಜದ ಮೇಲಾದರೂ ಸರಿ, ಮಡಿಲಲ್ಲಾದರೂ ಸರಿ, ಕೂಸಿನ ಕಾಲು ನೆಲ ಮುಟ್ಟಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ಜೊಲ್ಲು ನಿಂತು ಗಲ್ಲ ಒಣಗುವವರೆಗೆ ಹೀಗೆ. ಒಣಗಿತು ಎಂದು ಹೇಳುವವರೂ ಹೆಗಲಿನವರೇ. ಶಾಲೆಗೆ ಸೇರಿಸುವ ದಿನ ಬಾಗಿಲಲ್ಲಿ ನಿಂತು "ಈ ಮಗುವಿನ ಗಲ್ಲ ಒಣಗಿದೆ" ಎಂದು ಅವರು ಹೇಳಿದರೆ ಮಾತ್ರ ಮಗುವಿಗೆ ಒಳಗೆ ಜಾಗ. ತಪ್ಪಿಸಿದರೆ ಏನಾಗುತ್ತದೆ ಎಂದು ಕೇಳಬೇಡಿ. ಯಾರೂ ತಪ್ಪಿಸಿ ನೋಡಿಲ್ಲ.

ಜನ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ದರ್ಜಿಗಳು ಹೆಗಲಿಗೆಂದೇ ದಪ್ಪ ಬಟ್ಟೆ ಹೊಲಿದು ಇಟ್ಟಿರುತ್ತಿದ್ದರು. ಸಂಜೆ ಐದಕ್ಕೆ ಕ್ಷೌರದ ಅಂಗಡಿಯವನೂ ಕಂಡಕ್ಟರನೂ ಒಂದೊಂದು ಕೂಸು ಹೊತ್ತುಕೊಂಡೇ ಕೆಲಸ ಮಾಡುತ್ತಿದ್ದರು. ಹುಷಾರಿನ ಜನ ಕೂಸಿಗೆ ನಾಲ್ಕು ತಿಂಗಳಾಗುತ್ತಲೇ ಡಾಕ್ಟರ ಮನೆ, ಮಾಸ್ತರ ಮನೆ ಸುತ್ತುತ್ತಿದ್ದರು, ಬಿದ್ದರೆ ಅಲ್ಲೇ ಬೀಳಲಿ ಎಂದು. ನಮ್ಮೂರ ಡಾಕ್ಟರು ಆ ಭಯಕ್ಕೆ ರೇನ್‌ಕೋಟು ಹಾಕಿಕೊಂಡೇ ನಾಡಿ ನೋಡುತ್ತಿದ್ದರು.

ನಿಂಗವ್ವನೂ ಗಿರಣಿಯಲ್ಲೇ ಕಣ್ಣೀರು ಹಾಕಿದಳು. ಅವಳಿಗೆ ಮನಸ್ಸಿನಲ್ಲಿ ಬೇರೆ ಯಾರೋ ಇದ್ದರು. "ಹೋಗಿ ಹೋಗಿ ಈ ಸಿಡುಕಿ ಮ್ಯಾಲೆ" ಎಂದು ಅವಳು ಅಂದದ್ದು ನನಗೆ ಕೇಳಿಸಿತು. ನನ್ನ ಕಿವಿ ಚುರುಕು. ಅದನ್ನೇ ನಂಬಿ ಬದುಕಿದವಳು ನಾನು.

ಮೊದಲ ವರ್ಷ ಹೇಗೋ ಕಳೆಯಿತು. ಕಸ್ತೂರಿ ಎಂದು ಹೆಸರಿಟ್ಟಿದ್ದರು. ಹೆಸರು ಕಸ್ತೂರಿ, ವಾಸನೆ ಮಾತ್ರ ಹುಳಿ ಹಾಲಿನದು. ಐದಕ್ಕೆ ಮಾಚಪ್ಪ ತಂದು ಕೊಡುವನು, ಆರಕ್ಕೆ ನಿಂಗವ್ವ ಬಂದು ಒಯ್ಯುವಳು. ಆ ಒಂದು ತಾಸಿನಲ್ಲಿ ನನ್ನ ಎಡ ಹೆಗಲಿನಿಂದ ಮೊಣಕೈವರೆಗೆ ತೊಯ್ದು ತೊಪ್ಪೆ. ಕೂಸಿನ ಕತ್ತಿಗೆ ಕಟ್ಟಿದ ಬಟ್ಟೆ ಹಿಂಡಿದರೆ ಬಟ್ಟಲು ತುಂಬುತ್ತಿತ್ತು. ಇಷ್ಟು ಸಣ್ಣ ಬಾಯಲ್ಲಿ ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ನಾನು ನರ್ಸಮ್ಮನನ್ನು ಹೋಗಿ ಕೇಳಿದೆ.

"ನೀರು ಎಲ್ಲಾ ಕೂಸುಗಳಿಗೂ ಬರ್ತದ್ರಿ" ಅಂದರು ಅವರು. "ನಾವು ನುಂಗ್ತೀವಿ, ಅವಕ್ಕ ನುಂಗೂದು ಇನ್ನೂ ಗೊತ್ತಿಲ್ಲ. ಹಲ್ಲು ಬರೂ ಹೊತ್ತಿಗೆ ಮತ್ತಿಷ್ಟು. ಎರಡು ವರ್ಷಕ್ಕ ನಿಲ್ತದ, ಹೋಗ್ರಿ."

ಎರಡು ವರ್ಷವಾಯಿತು. ನಿಲ್ಲಲಿಲ್ಲ. ಮೂರಾಯಿತು. ಕಸ್ತೂರಿಗಿಂತ ಆರು ತಿಂಗಳು ತಡವಾಗಿ ಹುಟ್ಟಿದ ಕೂಸುಗಳ ಹೆಗಲಿನವರೆಲ್ಲ ಬಿಡುಗಡೆಯಾಗಿ ಸಂಜೆ ಕೈ ಬೀಸಿಕೊಂಡು ನನ್ನ ಮನೆಯ ಮುಂದೆಯೇ ತಿರುಗಾಡತೊಡಗಿದರು. ಒಬ್ಬೊಬ್ಬರದು ಒಂದೊಂದು ಸಲಹೆ. ಬಜೆ ತೇಯ್ದು ನೆಕ್ಕಿಸಿ. ಮೊಸರು ಬಿಡಿಸಿ. ಗಲ್ಲಕ್ಕೆ ಅರಿಶಿನ ಹಚ್ಚಿ. ಹಚ್ಚಿದೆವು, ನನ್ನ ಸೀರೆಗಳೆಲ್ಲ ಹಳದಿಯಾದವು. ಕೊನೆಗೆ ಊರು ಒಂದು ತೀರ್ಮಾನಕ್ಕೆ ಬಂತು: ಹೆಗಲು ಸರಿಯಿಲ್ಲ. ಒಣ ಹೆಂಗಸಿನ ಹೆಗಲಿಗೆ ಹಾಕಿದರೆ ಕೂಸು ಒಣಗುತ್ತದೆಯೇ ಎಂದು ನೀರಿನ ನಲ್ಲಿಯ ಹತ್ತಿರ ಮಾತಾಡಿಕೊಂಡರು. ಅದರ ಅರ್ಥವೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮಗುವಿಗೆ ಮಾತೂ ಬರಲಿಲ್ಲ. ನಾಲ್ಕು ವರ್ಷಕ್ಕೆ "ಅವ್ವ" ಎನ್ನುತ್ತಿದ್ದಳು, "ಬಾ" ಎನ್ನುತ್ತಿದ್ದಳು, ಉಳಿದದ್ದೆಲ್ಲ ಬಾಯಿ ತೆರೆದುಕೊಂಡು ನೋಡುವುದು. ಮಂಕು ಎಂದು ಕರೆದರು. ನಿಂಗವ್ವನ ಮುಂದೆಯೇ ಕರೆದರು. ಅವಳು ತುಟಿ ಕಚ್ಚಿಕೊಂಡು ಮಗಳ ಗಲ್ಲ ಒರೆಸುವಳು. ಒರೆಸಿ ಒರೆಸಿ ಆ ಗಲ್ಲ ಸದಾ ಕೆಂಪಾಗಿ ಸಿಪ್ಪೆ ಏಳುತ್ತಿತ್ತು.

ನನ್ನ ಸಂಕಟವೇ ಬೇರೆ. ಕಸ್ತೂರಿಗೆ ಒಂದು ಕೆಟ್ಟ ಚಾಳಿ ಇತ್ತು. ನಾನು ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಪೇಟಿ ಶ್ರುತಿ ಮಾಡುತ್ತಿದ್ದರೆ ಅವಳು ಮುಂದಕ್ಕೆ ಬಗ್ಗಿ ಗಲ್ಲವನ್ನು ನೇರ ಪೇಟಿಯ ಮೇಲೆ ಊರುವಳು. ಒಮ್ಮೊಮ್ಮೆ ಹಲ್ಲಿನಿಂದ ಮರದ ಅಂಚನ್ನು ಕಚ್ಚಿ ಹಿಡಿಯುವಳು. ಹಿಂದಕ್ಕೆ ಎಳೆದರೆ ಚೀರಾಟ. ಎಳೆದಷ್ಟೂ ಬಗ್ಗುವಳು. ಜೊಲ್ಲು ಸಂದಿಗಳಲ್ಲಿ ಇಳಿದು ರೀಡುಗಳ ಮೇಲೆ ಸೇರುವುದು. ಭಜನಾ ಮಂಡಳಿಯವರ ಪೇಟಿಯಲ್ಲಿ ಮೂರು ಸ್ವರ ಕಿಲುಬು ಹಿಡಿದವು. ಶಾಲೆಯ ಪೇಟಿಗೆ ಗಾಳಿ ತುಂಬುವ ತಿದಿಯ ಚರ್ಮಕ್ಕೆ ಬೂಸಲು ಬಂತು. "ಬೇರೆ ಏನಾದರೂ ಕಚ್ಚು, ನನ್ನ ಕೈಯನ್ನಾದರೂ ಕಚ್ಚು, ಪೇಟಿ ಬೇಡವೇ ತಾಯಿ" ಎಂದು ಕೈ ಮುಗಿದಿದ್ದೇನೆ. ಅವಳು ನನ್ನ ತುಟಿಗಳನ್ನೇ ನೋಡಿ ನಕ್ಕು ಮತ್ತೆ ಬಗ್ಗುವಳು. ಎಷ್ಟೋ ದಿನ ಆರು ಗಂಟೆಗೆ ಮಗುವನ್ನು ಕೊಟ್ಟ ಮೇಲೆ ನಾನು ಸಿಟ್ಟಿನಿಂದ ಅತ್ತಿದ್ದೇನೆ.

ಈ ನಡುವೆ ನಾಟಕ ಕಂಪನಿಯೊಂದರಿಂದ ಕರೆ ಬಂತು. ಆರು ತಿಂಗಳ ತಿರುಗಾಟ, ಹನ್ನೊಂದು ಊರು, ಅವರ ಪೇಟಿಗಳನ್ನೆಲ್ಲ ನಾನೇ ನೋಡಿಕೊಳ್ಳಬೇಕು. ನಮ್ಮಪ್ಪ ಸಾಯುವವರೆಗೂ ಆಸೆಪಟ್ಟ ಕೆಲಸ. ಜೂನ್ ತಿಂಗಳಲ್ಲಿ ಹೊರಡಬೇಕು. ಆದರೆ ಸಂಜೆ ಐದಕ್ಕೆ ಎಲ್ಲಿಗೆ ಹೊರಡಲಿ?

ಮೇ ಕೊನೆಯಲ್ಲಿ ಮಾಚಪ್ಪ ನಿಂಗವ್ವ ಇಬ್ಬರೂ ಮನೆಗೆ ಬಂದರು. ಹಿಂದಿನ ವರ್ಷ ಗಲ್ಲ ಒಣಗಿರಲಿಲ್ಲವೆಂದು ಶಾಲೆಯ ಬಾಗಿಲಿಗೆ ಹೋಗಿರಲಿಲ್ಲ. ಈ ಜೂನ್ ಬಿಟ್ಟರೆ ಮತ್ತೊಂದು ವರ್ಷ. ಮಾಚಪ್ಪ ಮಾತಿನವನಲ್ಲ, ಚೌಕಟ್ಟಿಗೆ ಆತು ನಿಂತ. ನಿಂಗವ್ವನೇ ಶುರು ಮಾಡಿದಳು.

"ಚಂಪಕ್ಕ, ಒಂದ್ ಮಾತು. ಬಾಗಲದಾಗ ನಿಂತು ಒಣಗೇದ ಅಂದುಬಿಡ್ರಿ. ಪೌಡರು ಹಚ್ಚಿ ಕರ್ಕೊಂಡು ಬರ್ತೀನಿ. ಅರ್ಧ ತಾಸು ತಡದ್ರ ಸಾಕು."

"ಆಮೇಲೆ ತರಗತಿಯಲ್ಲಿ ಸೋರಿದರೆ?"

"ಸೇರಿದ ಮ್ಯಾಲೆ ಹೊರಗ ಹಾಕೂದಿಲ್ಲ. ನೀವೂ ಬಿಡುಗಡೆ ಆಗ್ತೀರಿ. ನಾಟಕದವ್ರು ಕರದಾರಂತಲ್ಲ?"

ನಾನು ಒಪ್ಪಿದೆ. ಸುಳ್ಳು ಹೇಳುವುದೆಂದು ನನಗೆ ಒಂದು ಕ್ಷಣವೂ ನಾಚಿಕೆಯಾಗಲಿಲ್ಲ. ನಾಲ್ಕೂವರೆ ವರ್ಷ ಒದ್ದೆ ರವಿಕೆಯಲ್ಲಿ ಕೂತವಳಿಗೆ ನಾಚಿಕೆ ಎಲ್ಲಿಂದ ಬರಬೇಕು? ಕಂಪನಿಗೆ ಬರುತ್ತೇನೆಂದು ಕಾಗದ ಹಾಕಿದೆ. ಟ್ರಂಕು ಕೆಳಗಿಳಿಸಿ ಒರೆಸಿಟ್ಟೆ.

ಶಾಲೆಗೆ ಸೇರಿಸುವುದಕ್ಕೆ ನಾಲ್ಕು ದಿನ ಉಳಿದಿತ್ತು. ಭಜನಾ ಮಂಡಳಿಯ ಪೇಟಿಗೆ ಹೊಸ ರೀಡು ಕೂರಿಸುತ್ತಿದ್ದೆ. ಕಸ್ತೂರಿ ಮಡಿಲಲ್ಲಿ ಪೇಟಿಗೆ ಬೆನ್ನು ತಿರುಗಿಸಿ ಕೂತಿದ್ದಳು. ರೀಡು ಸರಿಯಾಗಿ ಕೂತಿರಲಿಲ್ಲ, ತಿದಿ ಒತ್ತಿದ ಕೂಡಲೇ ಕಿರ್ರೆಂದು ಕಿರುಚಿತು. ಎಂಥ ಕಿರುಚು ಎಂದರೆ ಅಂಗಳದಲ್ಲಿದ್ದ ಆಡು ಹಗ್ಗ ಜಗ್ಗಿ ಎಗರಿತು, ನನ್ನ ಹಲ್ಲು ಚುಳ್ಳೆಂದವು, ಪಕ್ಕದ ಮನೆಯಾಕೆ "ಏನಾತ್ರೀ" ಎಂದು ಕೂಗಿದಳು. ಕಸ್ತೂರಿ ಕದಲಲಿಲ್ಲ. ಬಾಗಿಲ ಕಡೆ ನೋಡುತ್ತ ಕಾಲು ಆಡಿಸುತ್ತಲೇ ಇದ್ದಳು.

ನಾನು ಮತ್ತೊಮ್ಮೆ ಒತ್ತಿದೆ. ಆಡು ಮತ್ತೆ ಎಗರಿತು. ಮಗು ಬೆಚ್ಚಲಿಲ್ಲ. ಅವಳ ತಲೆಯ ಹಿಂದೆ ಚಪ್ಪಾಳೆ ತಟ್ಟಿದೆ. ಇಲ್ಲ. "ಕಸ್ತೂರಿ" ಎಂದೆ, ಗಟ್ಟಿಯಾಗಿ ಎಂದೆ, ಇನ್ನೂ ಗಟ್ಟಿಯಾಗಿ ಕೂಗಿದಾಗ ಸಾವಕಾಶ ಕತ್ತು ತಿರುಗಿಸಿದಳು. ತಿರುಗಿದವಳು ಪೇಟಿ ತೆರೆದಿರುವುದನ್ನು ಕಂಡು ಎಂದಿನಂತೆ ಬಗ್ಗಿ ಗಲ್ಲ ಊರಿದಳು. ಆವತ್ತು ನಾನು ಎಳೆಯಲಿಲ್ಲ. ಒಂದು ಸ್ವರ ಒತ್ತಿ ತಿದಿ ಎಳೆದೆ. ಮರ ನಡುಗಿತು. ಅವಳ ಕಣ್ಣು ಅರಳಿದವು. ಸ್ವರ ಬಿಟ್ಟೆ, ಮುಖ ಸಪ್ಪಗಾಯಿತು. ಇನ್ನೊಂದು ಒತ್ತಿದೆ, ಮತ್ತೆ ಅರಳಿತು.

ನಾಲ್ಕೂವರೆ ವರ್ಷ ಅವಳು ಪೇಟಿ ಕೇಳಲಿಕ್ಕೆ ಬಗ್ಗುತ್ತಿದ್ದಳು. ಗಾಳಿಯಲ್ಲಿ ಸಿಗದ ಸದ್ದು ಅವಳಿಗೆ ಮರದಲ್ಲಿ, ಹಲ್ಲಿನಲ್ಲಿ, ಗಲ್ಲದ ಎಲುಬಿನಲ್ಲಿ ಸಿಗುತ್ತಿತ್ತು. ನಾನು ಅವಳನ್ನು ಕೂದಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ. ಶ್ರುತಿಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತೇನೆಂದು ಬೀಗುವ ಕಿವಿ ನನ್ನದು. ಮಡಿಲಲ್ಲಿ ಕೂತ ಮಗುವಿಗೆ ಕೇಳಿಸುತ್ತಿಲ್ಲ ಎಂದು ತಿಳಿಯಲು ಆಡು ಬೇಕಾಯಿತು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ನಮ್ಮ ಊರಿನ ಮೇಲೂ ಯಾವತ್ತೂ ಬಂದಿರಲಿಲ್ಲ.

ಆರಕ್ಕೆ ನಿಂಗವ್ವ ಬಂದಾಗ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

"ಕೇಳಸ್ತದ. ಕರದ್ರ ಬರ್ತಾಳ."

"ನಿನ್ನ ಮುಖ ನೋಡಿ ಬರುತ್ತಾಳೆ. ಬೆನ್ನ ಹಿಂದಿನಿಂದ ಕರೆದು ನೋಡು. ರಾತ್ರಿ ಗೊರಕೆ ಹೊಡೆಯುತ್ತಾಳೋ ಇಲ್ಲವೋ?"

"ಹೊಡೀತಾಳ. ಅದಕ್ಕೇನಾತು?"

"ಬಾಯಿ ಒಂದು ದಿನವಾದರೂ ಮುಚ್ಚಿದ್ದು ನೋಡಿದ್ದೀಯಾ? ಏನೋ ಇದೆ ನಿಂಗವ್ವ. ಕಿವಿ ಡಾಕ್ಟರಿಗೆ ತೋರಿಸಬೇಕು."

"ಶಾಲಿಗೆ ಸೇರಿದ ಮ್ಯಾಲೆ ತೋರಸ್ತೀನಿ."

"ಸೇರಿದ ಮೇಲೆ ಯಾರೂ ತೋರಿಸುವುದಿಲ್ಲ. ಮಂಕು ಎಂದು ಹಿಂದಿನ ಮಣೆಯಲ್ಲಿ ಕೂರಿಸುತ್ತಾರೆ. ಅಲ್ಲಿಗೆ ಮುಗಿಯಿತು."

"ಮಂಕು ಅನ್ನೂದು ಸಾಲಲಿಲ್ಲೇನು? ಈಗ ಕಿವುಡಿ ಅಂತ ಹೆಸರಿಡಬೇಕೇನು ನನ್ನ ಮಗಳಿಗೆ?" ಎಂದು ಮಗುವನ್ನು ಕಸಿದುಕೊಂಡಳು. "ನೀವು ಮಾತು ಕೊಟ್ಟೀರಿ ಚಂಪಕ್ಕ. ಬಾಗಲಕ್ಕ ಬರ್ರಿ, ಹೇಳ್ರಿ, ಹೋಗ್ರಿ. ನಿಮ್ಮ ಹೆಗಲು ನಮಗ ಸಾಕಾಗೇದ."

ನನಗೂ ಸಾಕಾಗಿತ್ತು. ನಾಲ್ಕು ದಿನ ಅದನ್ನೇ ಯೋಚಿಸಿದೆ. ಹೇಳಿಬಿಟ್ಟರೆ ಅವರೂ ಖುಷಿ, ನಾನೂ ಖುಷಿ. ಮಗು ನಮ್ಮದಲ್ಲ, ತಾಯಿಗೆ ಇಲ್ಲದ ಚಿಂತೆ ನನಗೇಕೆ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಟ್ರಂಕಿಗೆ ಸೀರೆ ತುಂಬಿದೆ.

ಆ ದಿನ ಶಾಲೆಯ ಬಾಗಿಲಲ್ಲಿ ಇಡೀ ಓಣಿ ಸೇರಿತ್ತು. ಕಸ್ತೂರಿಗೆ ಹೊಸ ಫ್ರಾಕು, ಗಲ್ಲಕ್ಕೆ ಎರಡು ಬೆರಳು ದಪ್ಪ ಪೌಡರು. ನಾನು ಎತ್ತಿಕೊಂಡು ಮೆಟ್ಟಿಲೇರಿದೆ. ಶಾಲೆಯ ಮುಖ್ಯ ಬಾಯಾರು ಸುಲೋಚನಾ ಟೀಚರು ಹಾಜರಿ ಪುಸ್ತಕ ಹಿಡಿದು ಕೂತಿದ್ದರು. "ಹೆಗಲಿನವರೇ, ಹೇಳಿ" ಅಂದರು.

ಬಾಯಿ ತೆರೆದೆ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಶಾಲೆಯ ಗಂಟೆ ಹೊಡೆದರು. ಸರದಿಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದರು. ನನ್ನ ಹೆಗಲ ಮೇಲಿನ ತಲೆ ತಿರುಗಲಿಲ್ಲ.

"ಒಣಗಿಲ್ಲ" ಎಂದೆ.

"ಏನಂದ್ರಿ?"

"ಒಣಗಿಲ್ಲ ಬಾಯಾರೇ. ಪೌಡರು ಹಚ್ಚಿದ್ದೇವೆ. ಈ ಮಗುವಿಗೆ ಕಿವಿ ಕೇಳಿಸುತ್ತಿಲ್ಲ. ಅದನ್ನು ನೋಡಿಸುವವರೆಗೆ ನಾನು ಒಣಗಿದೆ ಎನ್ನುವುದಿಲ್ಲ."

ಗದ್ದಲವೆದ್ದಿತು. ನಿಂಗವ್ವ ಮೆಟ್ಟಿಲೇರಿ ಬಂದು ಮಗುವನ್ನು ನನ್ನ ಮೈಯಿಂದ ಕಿತ್ತುಕೊಂಡಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಎಲ್ಲರ ಎದುರು ಸೆರಗಿನಿಂದ ಆ ಪೌಡರು ಒರೆಸಿ, ನನ್ನ ಕಡೆ ನೋಡದೆ ನಡೆದುಹೋದಳು. ಸುಲೋಚನಾ ಟೀಚರು ನನ್ನ ಕಡೆ ತಿರುಗಿ, "ದಸರಾ ರಜೆ ಆದ ಮೇಲೆ ಬಂದರೂ ತಗೋತೀನಿ" ಎಂದಷ್ಟೇ ಹೇಳಿದರು. ಮನೆಗೆ ಬಂದು ಟ್ರಂಕು ಬಿಚ್ಚಿದೆ. ಕಂಪನಿಗೆ ಬರಲಾಗದೆಂದು ಬರೆದ ಕಾಗದದಲ್ಲಿ ಕಾರಣ ಏನೆಂದು ಬರೆಯಲಿ? ಜೊಲ್ಲು ಎಂದು ಬರೆದೆ.

ಸಂಜೆ ಐದಕ್ಕೆ ಮಗುವನ್ನು ತರಲೇಬೇಕಲ್ಲ. ಮಾಚಪ್ಪ ತಂದ. ಆರಕ್ಕೂ ಅವನೇ ಬಂದು ಒಯ್ದ. ನಿಂಗವ್ವ ನನ್ನ ಬಾಗಿಲಿಗೆ ಕಾಲಿಡುವುದನ್ನೇ ಬಿಟ್ಟಳು. ಒಂದು ವಾರ ಹೀಗೆ ನಡೆಯಿತು. ಎಂಟನೇ ದಿನ ನಾನು ಅವನನ್ನು ನಿಲ್ಲಿಸಿದೆ.

"ಕೂತ್ಕೋ ಮಾಚಪ್ಪ. ಐದು ನಿಮಿಷ."

ಅವನು ಹೊಸಿಲ ಮೇಲೆ ಕೂತ. ಕಸ್ತೂರಿ ಪೇಟಿಯ ಮೇಲೆ ಗಲ್ಲ ಊರಿದಳು. ನಾನು ಕರಿ ನಾಲ್ಕು, ಅಂದರೆ ನಾಲ್ಕನೆಯ ಕಪ್ಪು ಮನೆ, ಒತ್ತಿ ತಿದಿ ಎಳೆದು ಹಿಡಿದೆ. ಒಂದು ವಾರದಿಂದ ನಾವಿಬ್ಬರೂ ಇದನ್ನೇ ಮಾಡುತ್ತಿದ್ದೆವು. ಮಗು ಮರಕ್ಕೆ ಗಲ್ಲ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಊಂ" ಎಂದಳು. ಅದೇ ಸ್ವರ. ನಾನು ಒಂದು ಮನೆ ಮೇಲೆ ಹೋದೆ. ಅವಳೂ ಹೋದಳು. ಎರಡು ಮನೆ ಇಳಿದೆ. ಇಳಿದಳು. ಒಂದೂ ಜಾರಲಿಲ್ಲ. ನಾಲ್ಕು ವರ್ಷ ಭಜನೆ ಕಲಿತವರೂ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ.

ಮಾಚಪ್ಪ ಎದ್ದು ಬಂದು ಪೇಟಿಯ ಇನ್ನೊಂದು ಬದಿಗೆ ಕೂತು ಅವಳ ಹಾಗೆಯೇ ಮರಕ್ಕೆ ಗಲ್ಲ ಹಚ್ಚಿದ. ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡ. ನಾನು ಒಂದೊಂದೇ ಸ್ವರ ಒತ್ತುತ್ತ ಹೋದೆ. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಅವನ ಅಂಗೈ ಕಪ್ಪಗಿದ್ದವು.

"ಮಂಕಲ್ಲ ಇಕಿ" ಎಂದ ಕೊನೆಗೆ.

"ಅಲ್ಲ."

"ಕಿವಿ ಡಾಕ್ಟರು ಎಲ್ಲಿ ಕೂಡ್ತಾರ?"

ಡಾಕ್ಟರು ಕೂರುವುದು ಎರಡು ತಾಸಿನ ಬಸ್ಸಿನ ದಾರಿಯ ದೊಡ್ಡ ಊರಲ್ಲಿ. ಅಲ್ಲಿಗೂ ನಾನು ಹೋಗಬೇಕಾಯಿತು, ಐದು ಗಂಟೆ ಎಲ್ಲಿ ಹೊಡೆಯುತ್ತದೋ ಹೇಳಲಾಗದಲ್ಲ. ನಿಂಗವ್ವ ಬಂದಳು, ಆದರೆ ನನ್ನ ಜೊತೆ ಒಂದು ಮಾತಿಲ್ಲ. ಏನಾದರೂ ಹೇಳಬೇಕಿದ್ದರೆ ಗಂಡನಿಗೆ ಹೇಳುವಳು, ಅವನು ಪಕ್ಕದಲ್ಲೇ ಇದ್ದ ನನಗೆ ಹೇಳುವನು. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ತಾಳ್ಮೆಯವರು. ಕಿವಿಯೊಳಗೆ ದೀಪ ಹಾಕಿ ನೋಡಿದರು, ಮೂಗಿನ ಹಿಂದೆ ನೋಡಿದರು, ನಡುಗುವ ಒಂದು ಉಕ್ಕಿನ ಕವಲುಕಡ್ಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಊರಿದಾಗ ಕಸ್ತೂರಿ ನಕ್ಕಳು.

"ಇವಳ ಬಾಯಲ್ಲಿ ನೀರು ಬೇರೆ ಮಕ್ಕಳಿಗಿಂತ ಹೆಚ್ಚೇನೂ ಬರುತ್ತಿಲ್ಲ" ಎಂದರು. "ಮೂಗಿನ ಹಿಂದೆ ಮಾಂಸ ಬೆಳೆದು ದಾರಿ ಮುಚ್ಚಿದೆ. ಬಾಯಿ ಮುಚ್ಚಿದರೆ ಉಸಿರಿಲ್ಲ, ಅದಕ್ಕೇ ಸದಾ ತೆರೆದಿರುತ್ತದೆ, ತೆರೆದ ಬಾಯಿ ಸೋರುತ್ತದೆ. ಅದೇ ಮಾಂಸದಿಂದ ಕಿವಿಯ ಪರದೆಯ ಹಿಂದೆ ನೀರು ನಿಂತಿದೆ. ಸಣ್ಣ ಆಪರೇಷನ್ನು. ಮೊದಲೇ ಬಂದಿದ್ದರೆ ಮಾತು ಇಷ್ಟು ಹಿಂದೆ ಬೀಳುತ್ತಿರಲಿಲ್ಲ."

ಮೊದಲೇ! ಬಜೆ ತೇಯುತ್ತ, ಅರಿಶಿನ ಹಚ್ಚುತ್ತ, ಹೆಗಲನ್ನು ಬೈಯುತ್ತ ನಾವು ಕಳೆದ ವರ್ಷಗಳನ್ನು ಎಲ್ಲಿಂದ ತರುವುದು? ನಿಂಗವ್ವ ನೆಲ ನೋಡಿಕೊಂಡು ನಿಂತಿದ್ದಳು. ನಾನೂ ಅದೇ ನೆಲ ನೋಡಿದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಆಗಸ್ಟಿನಲ್ಲಿ ಆಪರೇಷನ್ನಾಯಿತು. ಬಾಯಿ ಮುಚ್ಚುವುದನ್ನು ಕಲಿಯಲು ಕಸ್ತೂರಿಗೆ ಎರಡು ತಿಂಗಳು ಹಿಡಿಯಿತು. ದಸರಾ ಆದ ಮೇಲೆ ನಾನು ಬಾಗಿಲಲ್ಲಿ ನಿಂತು ಹೇಳಬೇಕಾದದ್ದನ್ನು ಹೇಳಿದೆ, ಪೌಡರಿಲ್ಲದೆ. ಮಾತು ಇನ್ನೂ ಬರುತ್ತಿದೆ, ದಿನಕ್ಕೆ ನಾಲ್ಕೋ ಐದೋ ಹೊಸವು. ಕಂಪನಿಯವರು ಬೇರೆ ಯಾರನ್ನೋ ಇಟ್ಟುಕೊಂಡರು. ಅವನು ಸುಮಾರು ಎಂದು ಕೇಳಿದ್ದೇನೆ. ಊರಿನ ಜನ ಈಗ ನನ್ನ ಹೆಗಲನ್ನು ಹೊಗಳುತ್ತಾರೆ, ನಾಲ್ಕು ತಿಂಗಳ ಕೂಸುಗಳನ್ನು ಎತ್ತಿಕೊಂಡು ನನ್ನ ಮನೆಯ ಮುಂದೆ ಬೇಕೆಂದೇ ಸುಳಿದಾಡುತ್ತಾರೆ. ನಾನು ಕಿಟಕಿ ಹಾಕಿಕೊಳ್ಳುತ್ತೇನೆ.

ಆದರೆ ಆಪರೇಷನ್ನಾಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನದ ಬಸ್ಸಿನ ಪ್ರಯಾಣವನ್ನು ಹೇಳಬೇಕು. ಮಾಚಪ್ಪನಿಗೆ ಹಿಂದಿನ ಸೀಟು ಸಿಕ್ಕಿತ್ತು. ನಿಂಗವ್ವ ಮತ್ತು ನಾನು ಒಂದೇ ಸೀಟಿನಲ್ಲಿ, ಅವಳು ಕಿಟಕಿಯ ಕಡೆ ಮುಖ ಮಾಡಿ. ಐದಾಯಿತು. ಅವಳು ನಿದ್ದೆಯಲ್ಲಿದ್ದ ಮಗುವನ್ನು ನನ್ನ ಮಡಿಲಿಗೆ ಸರಿಸಿದಳು. ಅಷ್ಟರಲ್ಲಿ ಡ್ರೈವರು ಹಾರನ್ ಒತ್ತಿದ. ಕಸ್ತೂರಿ ಬೆಚ್ಚಿಬಿದ್ದು ಎದ್ದಳು. ಕಣ್ಣಲ್ಲಿ ಅಂಥ ಹೆದರಿಕೆ ನಾನು ನೋಡಿಲ್ಲ. ಎಂಜಿನ್ನಿನ ಗುರುಗುರು, ಕಿಟಕಿ ಗಾಜುಗಳ ಗಡಗಡ, ಕಂಡಕ್ಟರನ ಸೀಟಿ, ಹಿಂದೆ ಯಾರದೋ ಕೋಳಿಬುಟ್ಟಿ, ಎಲ್ಲವೂ ಒಮ್ಮೆಗೇ ಅವಳ ಮೇಲೆ ಬಿದ್ದಿತ್ತು. ಅಳು ಶುರುವಾಯಿತು. ತನ್ನ ಅಳು ತನಗೇ ಕೇಳಿಸಿ ಇನ್ನೂ ಹೆದರಿ ಇನ್ನೂ ಜೋರಾಗಿ ಅತ್ತಳು. "ಕೂಸಿನ್ನ ಸುಮ್ಮನಿರಸ್ರಿ" ಎಂದು ಮುಂದಿನ ಸೀಟಿನವನು ರೇಗಿದ. "ನೀನು ಸುಮ್ಮನಿರು" ಎಂದು ನಾನು ಅವನಿಗಿಂತ ಜೋರಾಗಿ ರೇಗಿದೆ, ಅದಕ್ಕೂ ಮಗು ಬೆಚ್ಚಿತು. ನನಗೆ ಏನು ಮಾಡಬೇಕೋ ತೋಚದೆ ಅವಳ ಒಂದು ಕಿವಿಯನ್ನು ನನ್ನ ಎದೆಗೆ ಒತ್ತಿ ಹಿಡಿದೆ. ಇನ್ನೊಂದು ಕಿವಿ ಬಯಲಲ್ಲೇ ಇತ್ತು. ನನ್ನ ಇನ್ನೊಂದು ಕೈ ಮುಂದಿನ ಸೀಟಿನ ಕಂಬಿ ಹಿಡಿದಿತ್ತು, ಬಿಟ್ಟರೆ ಇಬ್ಬರೂ ಉರುಳುತ್ತಿದ್ದೆವು.

ನಿಂಗವ್ವ ಕಿಟಕಿಯಿಂದ ತಿರುಗಿದಳು. ಅಂಗೈ ಚಾಚಿ ಆ ಕಿವಿಯನ್ನು ಮುಚ್ಚಿದಳು.

ಹಾಗೆಯೇ ಎಷ್ಟೋ ದೂರ ಬಂದೆವು. ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಮೂಗಿನಿಂದ ಬರುವ ಉಸಿರು. ನನ್ನ ತೋಳು ಜೋಮು ಹಿಡಿದು ಸೂಜಿ ಚುಚ್ಚಿದಂತಾಗುತ್ತಿತ್ತು. ಸ್ವಲ್ಪ ಸರಿದು ಕೂರೋಣವೆಂದು ಮೈ ಅಲುಗಿಸಿದೆ.

"ಅಲ್ಲಾಡಬ್ಯಾಡ್ರಿ ಚಂಪಕ್ಕ" ಎಂದಳು ನಿಂಗವ್ವ, ಎರಡು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. "ಈಗ ಮಲಗ್ಯಾಳ."